ಹಾಡದೆ ಬಿಟ್ಟ ನುಡಿ

ಸೋದರಮಾವನ ಮನೆಯ ಒಂದೊಂದು ಗದ್ದೆಗೂ ಒಂದೊಂದು ಹಾಡಿನ ನುಡಿ ಇದೆ ಎಂದು ನನಗೆ ಗೊತ್ತಾಗುವ ಹೊತ್ತಿಗೆ ನನಗೆ ಮೂವತ್ತು ದಾಟಿತ್ತು. ಹೈಸ್ಕೂಲಿನ ಮೂರು ವರ್ಷ ಆನಂದಪುರದ ಹತ್ತಿರದ ಆ ಮನೆಯಲ್ಲೇ ಇದ್ದು ಓದಿದವಳು ನಾನು. ಆ ಗದ್ದೆಯಂಚಿನ ಮೇಲೆಯೇ ದಿನಾ ಶಾಲೆಗೆ ಹೋಗಿದ್ದೆ. ನಾಟಿಯ ಹೆಂಗಸರು ಹಾಡುವುದು ಕಿವಿಗೆ ಬೀಳುತ್ತಿತ್ತು. ಏನು ಹಾಡುತ್ತಾರೆ ಎಂದು ಮಾತ್ರ ಒಮ್ಮೆಯೂ ನಿಂತು ಕೇಳಿರಲಿಲ್ಲ.

ಎಪ್ಪತ್ತರ ದಶಕದ ನಡುವೆ ನಾನು ಸಾಗರದಲ್ಲಿ ಕನ್ನಡ ಟೀಚರಾಗಿದ್ದೆ. ರಜೆ ಬಂತೆಂದರೆ, ನನ್ನ ಗುರುಗಳು ಕೊಟ್ಟಿದ್ದ ಕ್ಯಾಸೆಟ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಿಗೆ ಹೊರಡುತ್ತಿದ್ದೆ. ನಾಟಿ ಹಾಡು, ಮದುವೆ ಹಾಡು, ದೀಪಾವಳಿಯಲ್ಲಿ ಮನೆಮನೆಗೆ ದೀಪ ತರುವವರ ಹಾಡು, ಏನು ಸಿಕ್ಕರೂ ಕೂಡಿಸುತ್ತಿದ್ದೆ. ಕವಲೇದುರ್ಗದ ಕೆಳಗಿನ ಊರಿನಲ್ಲಿ ಹಾಡುತ್ತಿದ್ದ ಹೆಂಗಸೊಬ್ಬಳು ನಾನು ಎಲ್ಲಿಯವಳೆಂದು ಕೇಳಿ ನಕ್ಕುಬಿಟ್ಟಳು. "ಆನಂದಪುರದ ಕಡೇರಾ? ಈ ಹಾಡು ನನಗೆ ಕಲಿಸಿದ್ದೇ ಅಲ್ಲಿ ನಮ್ಮ ದೊಡ್ಡವ್ವ. ನೀವು ಇಲ್ಲಿಗಂಟ ಬಂದ್ರಾ?"

ಆ ದೊಡ್ಡವ್ವ ಮಾವನ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಮನೆಯ ಮುದುಕಿ ಎಂದು ವಿಚಾರಿಸಿದ ಮೇಲೆ ತಿಳಿಯಿತು.

ಮುದುಕಿಗೆ ಎಪ್ಪತ್ತರ ಮೇಲಾಗಿತ್ತು. ಮನೆಯ ಜಗಲಿಯ ಮೇಲೆ ಕೂತು ಹಾಡಲು ಒಪ್ಪಲೇ ಇಲ್ಲ. "ಈ ಹಾಡು ಗದ್ದೆದು ಅಮ್ಮ. ಆ ಗದ್ದೆಗೆ ಕಾಲಿಟ್ಟು ಆ ಗದ್ದೆ ನುಡಿ ಹಾಡ್ಬೇಕು. ನಾಟಿ ಬಿಟ್ಟು ಬೇರೆ ಹೊತ್ತಲ್ಲಿ ಬಾಯಿ ಬಿಟ್ರೆ ಪೈರಿಗೆ ಒಳ್ಳೇದಲ್ಲ," ಎಂದಳು. ಹಾಗಾಗಿ ನಾಟಿಯ ದಿನವೇ ಹೋದೆ. ರೆಕಾರ್ಡರಿಗೆ ಪ್ಲಾಸ್ಟಿಕ್ಕು ಸುತ್ತಿ, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಮೈಕು ಹಿಡಿದು ಅಂಚಿನ ಮೇಲೆ ಅವರ ಜೊತೆ ಸರಿಯುತ್ತಾ ಹೋದೆ. ಅವಳು ಒಂದು ಸಾಲು ಹಾಡಿದರೆ ಉಳಿದ ಹೆಂಗಸರು ಬಗ್ಗಿದಲ್ಲಿಂದಲೇ ಅದನ್ನು ತಿರುಗಿ ಹಾಡುತ್ತಿದ್ದರು. ಯಾವ ಗದ್ದೆಯನ್ನು ಯಾರು ಕಾಡು ಕಡಿದು ಮಾಡಿದರು, ಎಲ್ಲಿ ನೀರು ಒಡೆಯಿತು, ಯಾವ ಹೆಂಗಸು ಬಸುರಿಯಿದ್ದಾಗ ಮಣ್ಣು ಹೊತ್ತಳು, ಎಲ್ಲವೂ ಹಾಡಿನಲ್ಲಿತ್ತು. ಸಂಜೆ ಮೂರು ಕ್ಯಾಸೆಟ್ ತುಂಬಿಸಿಕೊಂಡು ಕುಣಿಯುವುದೊಂದು ಬಾಕಿ ಎಂಬಂತೆ ಸಾಗರದ ಬಸ್ಸು ಹತ್ತಿದೆ.

ಆ ವರ್ಷಗಳಲ್ಲೇ ಉಳುವವನಿಗೇ ಭೂಮಿ ಎಂಬ ಕಾನೂನು ಬಂದಿತ್ತು. ಗೇಣಿದಾರರು ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಿದ್ದರು, ಊರೂರಲ್ಲಿ ಒಡೆಯರಿಗೂ ಅವರಿಗೂ ಮಾತು ನಿಂತಿತ್ತು. ಮುದುಕಿಯ ಮಗನೂ ಅರ್ಜಿ ಹಾಕಿದ್ದ. ಮಿಕ್ಕ ಗದ್ದೆಗಳಿಗೆ ಮಾವ ತಕರಾರು ಎತ್ತಲಿಲ್ಲ. ಹೊಳೆಯಂಚಿನ ಮಡುವಿನ ಗದ್ದೆ ಒಂದನ್ನು ಮಾತ್ರ ಬಿಡಲು ಒಪ್ಪಲಿಲ್ಲ. ಅದು ತಾನೇ ಆಳು ಹಿಡಿದು ಮಾಡಿಸಿದ ಸಾಗುವಳಿ, ಒಡ್ಡನ್ನೂ ಅದರೊಳಗಿಂದ ನೀರು ಹಾಯಿಸುವ ನೀರುಗಂಡಿಯನ್ನೂ ತಾನೇ ಕಟ್ಟಿಸಿದ್ದು ಎಂದು ಬರೆದುಕೊಟ್ಟಿದ್ದರು.

ಕೊಯ್ಲಿನ ಹೊತ್ತಿಗೆ ಮುದುಕಿಯ ಮಗ ನನ್ನ ಶಾಲೆಗೇ ಬಂದ. ಸ್ಟಾಫ್ ರೂಮಿನ ಬಾಗಿಲ ಹೊರಗೆ ನಿಂತು ತಗ್ಗಿದ ದನಿಯಲ್ಲಿ ಹೇಳಿದ. "ಅಮ್ಮ, ಅವ್ವನ ಹಾಡು ನಿಮ್ಮ ಹತ್ರ ಇದ್ಯಲ್ಲ. ಮಡುವಿನ ಗದ್ದೆ ಒಡ್ಡು ನಮ್ಮ ಅಜ್ಜ ಕಟ್ಟಿದ್ದು ಅಂತ ಅದ್ರಲ್ಲೇ ಬರುತ್ತೆ. ವಿಚಾರಣೆ ದಿನ ಅದನ್ನ ಹಾಕಿ ಕೇಳಿಸಿ. ನಮ್ಮ ಹತ್ರ ಕಾಗದ ಅಂತ ಒಂದು ಚೂರೂ ಇಲ್ಲ."

"ಕೇಳಿ ನೋಡ್ತೀನಿ," ಎಂದೆ.

ಅದಾಗಿ ಎರಡನೇ ದಿನ, ಸುದ್ದಿ ಮುಟ್ಟಿತ್ತೇನೋ, ಮಾವನೇ ನನ್ನ ಬಾಡಿಗೆ ಮನೆಗೆ ಬಂದರು. ಕಾಫಿ ಲೋಟ ಮುಟ್ಟದೆ ನಮ್ಮ ಮನೆಮಾತಿನಲ್ಲೇ ಕೇಳಿದರು.

"ಆ ಟೇಪು ಎಲ್ಲಿದ್ದು?"

"ಇಲ್ಲೇ ಇದ್ದು ಮಾವ."

"ನೀನು ಹಾಡು ಕೇಳಲೆ ಬಂದಿದ್ಯಾ, ಸಾಕ್ಷಿ ಹೇಳಲೆ ಬಂದಿದ್ಯಾ?"

ಅವರು ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಹೋಗುವಾಗ ಮೆಟ್ಟಿಲ ಮೇಲೆ ನಿಂತು, "ನಿಂಗೆ ಅನ್ನ ಹಾಕಿದ ಮನೆ ಅದು. ಅಷ್ಟು ನೆನಪಿದ್ರೆ ಸಾಕು," ಎಂದರು.

ಆ ಸಂಜೆ ಬಾಗಿಲು ಹಾಕಿಕೊಂಡು ಎರಡನೇ ಕ್ಯಾಸೆಟ್ಟು ಹಾಕಿದೆ. ಮಾವಿನ ಮರದಡಿಯ ಗದ್ದೆಯ ನುಡಿ ಮುಗಿಯಿತು. ಹೆಂಗಸರು ಮಡುವಿನ ಗದ್ದೆಗೆ ಇಳಿದ ಪಚಪಚ ಸದ್ದು ಬಂತು. ಆಮೇಲೆ ಹಾಡು. ಒಡ್ಡಿನ ಮಾತು ಬರಲೇ ಇಲ್ಲ. ಹಿಂದಿನ ಗದ್ದೆಯ ನುಡಿಯನ್ನೇ ಹೆಸರು ಮಾತ್ರ ಬದಲಿಸಿ ಮತ್ತೆ ಹಾಡಿದ್ದಳು. ಹಿಂದಕ್ಕೆ ಸುತ್ತಿಸಿ ಹಾಕಿದೆ. ಮತ್ತೊಮ್ಮೆ ಹಾಕಿದೆ. ಜೊತೆಯ ಹೆಂಗಸರ ದನಿ ಆ ಸಾಲಿನಲ್ಲಿ ಎಡವಿದ್ದು ಕೇಳಿಸಿತು. ಅವರು ಬೇರೆ ಸಾಲಿಗೆ ಕಾದಿದ್ದರು. ಆಗ ನೆನಪಾಯಿತು. ಆ ಹೊತ್ತಿಗೆ ಸರಿಯಾಗಿ ಮಾವ ಕೊಡೆ ಹಿಡಿದು ಒಡ್ಡಿನ ಮೇಲೆ ಬಂದು ನಿಂತಿದ್ದರು. "ಎಂತ, ರೆಕಾರ್ಡ್ ಆಗ್ತಾ ಇದ್ದಾ?" ಎಂದು ನನ್ನನ್ನು ಕೇಳಿದ್ದೂ ಟೇಪಿನಲ್ಲಿತ್ತು.

ಟೇಪು ನಿಲ್ಲಿಸಿದೆ. ಎಲ್ಲ ಗದ್ದೆಯ ಕತೆಯೂ ಇದ್ದು ಇದೊಂದರದ್ದೇ ಇಲ್ಲದ ಟೇಪನ್ನು ಮಂಡಳಿಯ ಮುಂದೆ ಕೇಳಿಸಿದರೆ ಅದು ಮಾವನ ಪರವಾದ ಸಾಕ್ಷಿ. ಆ ಮಗನಿಗೆ ಇದು ಗೊತ್ತಿಲ್ಲ, ಮಾವನಿಗೂ ಗೊತ್ತಿಲ್ಲ. ಕ್ಯಾಸೆಟ್ಟು ಕೊಟ್ಟು ಸುಮ್ಮನಿದ್ದರೆ ನಾನು ಯಾರಿಗೂ ಕೆಟ್ಟವಳಾಗುತ್ತಿರಲಿಲ್ಲ. ಹಾಗೆ ಯೋಚಿಸಿದೆ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಭಾನುವಾರ ಮುದುಕಿಯ ಮನೆಗೆ ಹೋದೆ. ಮಗ ಮನೆಯಲ್ಲಿರಲಿಲ್ಲ. ಅವಳು ಹಿತ್ತಲಲ್ಲಿ ಹುಲ್ಲು ಹರವುತ್ತಿದ್ದಳು. ವಿಷಯ ಹೇಳಿದೆ.

"ಹೌದು, ಬಿಟ್ಟೆ," ಎಂದಳು. "ಒಡೇರು ಎದ್ರಿಗೇ ನಿಂತಿದ್ರು. ಹೇಂಗೆ ಹಾಡೋದು? ನಾಲಿಗೆ ಏಳ್ಲಿಲ್ಲ."

"ಮಗನಿಗೆ ಹೇಳಿದೀರಾ?"

"ಇಲ್ಲ. ಅವ್ನು ಆ ಪೆಟ್ಟಿಗೇನೇ ನಂಬ್ಕೊಂಡು ಕೂತಿದಾನೆ." ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟಳು. "ನೀವೂ ಹೇಳ್ಬೇಡಿ. ನಾನು ಕಚೇರಿಗೆ ಬರ್ತೀನಿ."

ವಿಚಾರಣೆಯ ದಿನ ಸಾಗರದ ಕಚೇರಿಯ ವರಾಂಡದಲ್ಲಿ ಜನ ತುಂಬಿದ್ದರು. ಒಂದು ಕಂಬಕ್ಕೆ ಒರಗಿ ಮಾವ, ಎದುರಿನ ಗೋಡೆಗೆ ಒರಗಿ ತಾಯಿ ಮಗ. ನಡುವೆ ನಾನು, ಚೀಲದಲ್ಲಿ ರೆಕಾರ್ಡರು ಇಟ್ಟುಕೊಂಡು ಯಾವ ಕಡೆ ನಿಲ್ಲಬೇಕೆಂದು ತಿಳಿಯದೆ ಕಿಟಕಿಯ ಹತ್ತಿರ ನಿಂತಿದ್ದೆ. ಹೆಸರು ಕರೆದರು. ಮಗ ಹೇಳಬೇಕಾದ್ದನ್ನೆಲ್ಲ ಹೇಳಿ, ಟೇಪಿನ ವಿಷಯ ಎತ್ತಿ ನನ್ನ ಕಡೆ ಕೈ ತೋರಿಸಿದ. ಮೇಜಿನ ಹಿಂದಿದ್ದ ಮಂಡಳಿಯ ಅಧ್ಯಕ್ಷರು ಕನ್ನಡಕ ತೆಗೆದರು.

"ಹಾಡು ನಿಮ್ಮ ಹತ್ರ ಇದೆಯಂತಲ್ಲ?"

"ಇದೆ ಸಾರ್. ಆದ್ರೆ ಈ ಗದ್ದೆಯ ನುಡಿ ಅದರಲ್ಲಿಲ್ಲ."

ಮಗನ ಮುಖ ಕಪ್ಪಿಟ್ಟಿತು. ಮಾವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಯಾಕಿಲ್ಲ?"

"ಹಾಡುವಾಗ ನಮ್ಮ ಮಾವ ಒಡ್ಡಿನ ಮೇಲೆ ನಿಂತಿದ್ರು. ಅದಕ್ಕೆ ಹಾಡಲಿಲ್ಲ."

ಮಾವನ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಅಧ್ಯಕ್ಷರು ಮುದುಕಿಯನ್ನು ಕರೆದು, ಆ ನುಡಿಯನ್ನು ಈಗ ಹಾಡುತ್ತೀಯಾ ಎಂದು ಕೇಳಿದರು.

"ಇಲ್ಲಿ ಆಗಲ್ಲ ಸ್ವಾಮಿ. ಅದು ಗದ್ದೆದು. ನೀವು ಅಲ್ಲಿಗೆ ಬಂದ್ರೆ ಹಾಡ್ತೀನಿ. ಒಡೇರೂ ಇರ್ಲಿ."

ಸದಸ್ಯರೊಬ್ಬರು ನಕ್ಕರು. ಅಧ್ಯಕ್ಷರು ನಗಲಿಲ್ಲ. ಸ್ಥಳ ತನಿಖೆಗೆ ದಿನ ಗೊತ್ತು ಮಾಡಿದರು.

ಆ ದಿನ ಕೊಯ್ದ ಗದ್ದೆಯ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಜೀಪು ರಸ್ತೆಯಲ್ಲೇ ನಿಂತಿತು. ಊರಿನ ಅರ್ಧ ಜನ ಅಂಚಿನ ಮೇಲಿದ್ದರು. ನಾಟಿಗೆ ಬರುವ ಹೆಂಗಸರು ದೂರ ಗುಂಪಾಗಿ ನಿಂತಿದ್ದರು. ಹೊತ್ತಲ್ಲದ ಹೊತ್ತಲ್ಲಿ ಹಾಡಿದರೆ ಏನಾಗುವುದೋ ಎಂದು ಅವರಿಗೆ ಭಯ. ಮುದುಕಿ ಚಪ್ಪಲಿ ಬಿಟ್ಟು ಗದ್ದೆಗೆ ಇಳಿದಳು. "ತಪ್ಪಾದ್ರೆ ನನ್ನ ಮೇಲಿರ್ಲಿ," ಎಂದು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮಾವ ಎದುರಿಗೇ ಇದ್ದರು. ಅವರನ್ನು ನೋಡಿಯೇ ಹಾಡಲು ಶುರುಮಾಡಿದಳು.

ಮೊದಲ ಸಾಲುಗಳಲ್ಲಿ ದನಿ ನಡುಗಿತು. ತನ್ನ ಗಂಡನ ಅಪ್ಪ ಒಡ್ಡು ಕಟ್ಟಿದ್ದು, ಹೊಳೆ ಅದನ್ನು ಎರಡು ಸಲ ಒಡೆದದ್ದು, ಮೂರನೇ ಸಲ ನೀರುಗಂಡಿಗೆ ಹಾಕಲು ಕಲ್ಲು ಸಿಗದೆ ಮನೆಯ ಒಡೆದ ಬೀಸುಕಲ್ಲಿನ ಒಂದು ಹೋಳನ್ನು ಹೊತ್ತು ತಂದು ಕೂರಿಸಿದ್ದು. ಅಲ್ಲಿಗೆ ಬಂದಾಗ ಅಧ್ಯಕ್ಷರು ಕೈ ಎತ್ತಿ ನಿಲ್ಲಿಸಿದರು.

"ಗಂಡಿ ಬಿಚ್ಚಿ ನೋಡಿ."

ಇಬ್ಬರು ಹಾರೆ ಹಾಕಿದರು. ಮಣ್ಣು, ಜಲ್ಲಿ, ಮತ್ತೆ ಮಣ್ಣು. ಬಹಳ ಹೊತ್ತು ಅಗೆದರು. ಸಿಗದಿದ್ದರೆ ಊರ ಮುಂದೆ ಆ ಮುದುಕಿಯ ಗತಿ ಏನು ಎಂದು ಒಂದು ಭಯ. ಸಿಕ್ಕರೆ ಮಾವನ ಗತಿ ಏನು ಎಂದು ಇನ್ನೊಂದು. ಹಾರೆ ಠಣ್ ಎಂದಿತು. ಕೈಯಲ್ಲಿ ಮಣ್ಣು ಬಳಿದರು. ಬೀಸುಕಲ್ಲಿನ ಹೋಳು, ಗೂಟದ ತೂತು ಅರ್ಧಕ್ಕೆ ಸೀಳಿತ್ತು. ಅದರ ಜೋಡಿ ಹೋಳು ಮುದುಕಿಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿತ್ತು. ಅದನ್ನೂ ತಂದು ಸೇರಿಸಿ ನೋಡಿದರು, ಸರಿಯಾಗಿ ಕೂಡಿತು.

ಮಾವ ಪಂಚೆ ಎತ್ತಿ ಕಟ್ಟಿ ಅಂಚಿನ ಮೇಲೆ ಮನೆಯ ಕಡೆ ನಡೆದರು. ನನ್ನ ಪಕ್ಕದಲ್ಲೇ ದಾಟಿ ಹೋದರು, ತಿರುಗಿ ನೋಡಲಿಲ್ಲ. ಗದ್ದೆ ಮುದುಕಿಯ ಮನೆಯವರಿಗಾಯಿತು.

ಆ ದಿನ ರೆಕಾರ್ಡರು ನನ್ನ ಚೀಲದಲ್ಲಿತ್ತು, ಹೊಸ ಸೆಲ್ಲೂ ಹಾಕಿದ್ದೆ. ಆದರೆ ಗುಂಡಿ ಒತ್ತಲಿಲ್ಲ. ಮಾವನ ಸೋಲನ್ನು ಮೈಕು ಹಿಡಿದು ಕೂಡಿಸಿಕೊಳ್ಳಲು ನನ್ನಿಂದಾಗಲಿಲ್ಲ. ಬಸ್ಸಿನಲ್ಲಿ ನೆನಪಿದ್ದಷ್ಟು ಬರೆದುಕೊಂಡೆ. ಮೂರು ಸಾಲು ಕೈತಪ್ಪಿದವು. ಮುಂದಿನ ನಾಟಿಗೆ ಹೋಗಿ ಕೇಳೋಣವೆಂದರೆ ಆ ಊರಿಗೆ ಕಾಲಿಡುವ ಮುಖ ನನಗಿರಲಿಲ್ಲ. ಮಾವನ ಮನೆಯಿಂದ ಅತ್ತೆ ಒಮ್ಮೆ ಯಾರದೋ ಕೈಯಲ್ಲಿ ಹಪ್ಪಳ ಕಳಿಸಿದ್ದರು, ಮಾತು ಕಳಿಸಿರಲಿಲ್ಲ. ಎರಡು ವರ್ಷ ಬಿಟ್ಟು ಮುದುಕಿ ತೀರಿಕೊಂಡ ಸುದ್ದಿ ಬಂತು.

ಎಂಬತ್ತರ ದಶಕ ಶುರುವಾದ ಮೇಲೆ, ಒಂದು ನಾಟಿಯಲ್ಲಿ, ಗಟ್ಟಿ ಮನಸ್ಸು ಮಾಡಿ ಹೋದೆ. ಈಗ ಹಾಡು ಎತ್ತುತ್ತಿದ್ದವಳು ಮುದುಕಿಯ ಸೊಸೆ. ನನಗೆ ಬೇಕಿದ್ದ ಮೂರು ಸಾಲು ಅವಳ ಬಾಯಲ್ಲಿ ಬೇರೆಯೇ ಆಗಿದ್ದವು. ಅದರ ಮುಂದೆ ನಾನು ಕೇಳಿರದ ಸಾಲುಗಳು ಬಂದವು: ಜೀಪು ಬಂದದ್ದು, ಹಾರೆ ಹಾಕಿದ್ದು, ಎರಡು ಹೋಳು ಕೂಡಿದ್ದು. ಗದ್ದೆಯ ಕೊನೆಗೆ ಬಂದು ಅವಳು ಸೊಂಟ ನೆಟ್ಟಗೆ ಮಾಡಿದಾಗ, ಒಡೆಯರು ಸೋತ ಮಾತು ಹಾಡಿನಲ್ಲಿ ಯಾಕೆ ಬರಲಿಲ್ಲ ಎಂದು ಕೇಳಿದೆ.

"ನಮ್ಮತ್ತೆ ಬೇಡ ಅಂದಿದ್ರು," ಎಂದಳು. "ಅವ್ರ ಮಕ್ಕಳು ಮೊಮ್ಮಕ್ಕಳು ಇಲ್ಲೇ ಓಡಾಡ್ತಾರೆ, ಕಿವಿಗೆ ಬೀಳ್ಬಾರ್ದು ಅಂತ."

ಕೆಸರು ಕಾಲಲ್ಲೇ ಮಾವನ ಮನೆಯ ಮೆಟ್ಟಿಲ ತನಕ ಹೋದೆ. ಅಲ್ಲಿಂದ ಮುಂದೆ ಹೆಜ್ಜೆ ಬರಲಿಲ್ಲ. ಅತ್ತೆ ನೋಡಿ ಒಳಗೆ ಹೋಗಿ ಕಾಲಿಗೆ ನೀರು ತಂದಿಟ್ಟರು. ಮಾವ ಜಗಲಿಯಲ್ಲಿ ಕೂತಿದ್ದರು, ತುಂಬ ಇಳಿದುಹೋಗಿದ್ದರು. ನನ್ನ ಹೆಗಲ ಚೀಲವನ್ನು ನೋಡಿದರು. ಆಮೇಲೆ, "ಮಡುವಿನ ಗದ್ದೆ ನಾಟಿ ಮುಗತ್ತಾ?" ಎಂದು ಕೇಳಿದರು.

"ಮುಗತ್ತು ಮಾವ," ಎಂದೆ.

"ಊಟ ಮಾಡ್ಕಂಡು ಹೋಗು," ಎಂದರು.