ಸೊಟ್ಟಬಾಯಿ ದೊರೆ

ಜಯನಗರದ ತ್ರಿಯಂಬಕಯ್ಯನವರಿಗೆ ರಿಟೈರಾದ ಮೇಲೆ ಹಿಡಿದ ಹುಚ್ಚು ಒಂದೇ, ಬ್ರಿಟಿಷರ ಹೆಸರುಗಳ ಬೇರು ಕೆದಕುವುದು. ತರಕಾರಿ ಮಾರುವ ಮರಿಯಮ್ಮನನ್ನೂ ಅವರು ಬಿಡುವುದಿಲ್ಲ. "ಕ್ಯಾಮರಾನ್ ಅಂದ್ರೆ ಏನು ಗೊತ್ತೇನಮ್ಮಾ? ಹಳೇ ಕೆಲ್ಟಿಕ್ ಜನರ ಭಾಷೇಲಿ ಸೊಟ್ಟಮೂಗ! ದಂಡಿನ ಆಫೀಸಲ್ಲಿ ನಮ್ಮ ದೊರೆ ಕ್ಯಾಂಬೆಲ್ ಇದ್ನಲ್ಲ, ಅವನು ಸೊಟ್ಟಬಾಯಿ!" ಎಂದು ತೊಡೆ ತಟ್ಟಿಕೊಂಡು ನಗುತ್ತಾರೆ. "ಸೌತೇಕಾಯಿ ಮಾತ್ರ ಸೊಟ್ಟ ಇದ್ರೆ ಬೇಡ ಅಂತೀರಲ್ಲ ಸ್ವಾಮಿ," ಎನ್ನುತ್ತಾಳೆ ಮರಿಯಮ್ಮ. ಆ ದೊರೆಯ ಬಾಯಲ್ಲಿ ತ್ರಿಯಂಬಕಯ್ಯ ಎಂಬ ಹೆಸರು ಹೊರಳದೆ, ಇಪ್ಪತ್ತೆರಡು ವರ್ಷ ಇವರು "ಟಾಮಿ" ಆಗಿದ್ದರು. ಮನೆಯಲ್ಲಿ ಹೆಂಡತಿ ಸತ್ಯಭಾಮಮ್ಮ ಗಂಡನ ಹೆಸರು ಹೇಳುವ ಹಾಗಿಲ್ಲ. ಅಲ್ಲಿ ಇವರು ಬರೀ "ಏನೂಂದ್ರೆ". ಅದಕ್ಕೇ ಪೋಸ್ಟ್‌ಮ್ಯಾನ್ ಗೇಟಿನಲ್ಲಿ ನಿಂತು "ತ್ರಿಯಂಬಕಯ್ಯನೋರೇ!" ಎಂದು ಕೂಗಿದರೆ, ಬಾಗಿಲ ಹಿಂದೆಯೇ ಇದ್ದರೂ ಓಗೊಡುವುದಿಲ್ಲ. ಇನ್ನೊಂದು ಸಲ ಕೂಗಲಿ ಎಂದು ಕಾಯುತ್ತಾರೆ.