ಮೊದಲ ತಾಸಿನ ಮಾವಿನಹಣ್ಣು

ಆಗುವುದೇ ಇಲ್ಲ ಎಂದವರು ನನ್ನ ಸೋದರಮಾವ. ಔರಾದ ಕಡೆಯ ಸಂತಪುರದವರು. "ಏ ಪೋರಿ, ನಿಮ್ಮಪ್ಪನ ಮನ್ಯಾಗ ಹತ್ತನೇ ಕ್ಲಾಸ್ ದಾಟಿದವ್ರಿಲ್ಲ. ನೀ ಡಿಗ್ರಿ ಮುಗಸ್ತಿ? ಆಗಂಗಿಲ್ಲ ಬಿಡು" ಎಂದು ನಾನು ಕಾಲೇಜು ಸೇರಿದ ದಿನವೇ ಹೇಳಿದ್ದರು.

ಮಳೆ ಕೈಕೊಟ್ಟ ವರ್ಷಗಳಲ್ಲಿ ಅಪ್ಪ ಅವ್ವ ಪುಣೆಗೆ ಕಟ್ಟಡ ಕೆಲಸಕ್ಕೆ ಹೋದರು. ನಾನು ಭಾಲ್ಕಿಯ ಹಾಸ್ಟೆಲ್ಲಿನಲ್ಲಿದ್ದು ಓದಿದೆ. ಡಯಾಲಿಸಿಸ್ ಟೆಕ್ನಾಲಜಿ ಡಿಗ್ರಿಯ ಕೊನೆಯ ವರ್ಷ ಇಂಟರ್ನ್‌ಶಿಪ್ಪಿಗೆಂದು ಬೀದರಿನ ಆಸ್ಪತ್ರೆಗೆ ಹಾಕಿದರು. ಹೋಗಿ ನೋಡಿದರೆ ಒಂದನೇ ಬೆಡ್ಡಿನ ಮೇಲೆ ಮಾಮಾ! ಎರಡೂ ಕಿಡ್ನಿ ಕೆಟ್ಟು, ವಾರಕ್ಕೆ ಎರಡು ಸಲ ಬರುತ್ತಿದ್ದರು. ಅದೇ ವರ್ಷ ಕೊರೋನಾ ಬಂತು.

ಡಯಾಲಿಸಿಸ್ಸಿನವರಿಗೆ ಸೋಂಕು ತಗುಲಿದರೆ ತಡೆದುಕೊಳ್ಳುವುದು ಕಷ್ಟ. ಮನೆಯಲ್ಲೇ ಇರಿ ಎನ್ನುವಂತೆಯೂ ಇಲ್ಲ, ಮಶೀನು ತಪ್ಪಿದರೆ ಜೀವಕ್ಕೇ ಕುತ್ತು. ಊರೆಲ್ಲ ಬಾಗಿಲು ಹಾಕಿಕೊಂಡಾಗಲೂ ಇವರು ಬರಲೇಬೇಕು, ಒಂದೇ ಕೋಣೆಯಲ್ಲಿ ನಾಲ್ಕು ತಾಸು ಮಲಗಲೇಬೇಕು. ಔರಾದ ಕಡೆಯವರಿಗೆ ಬೆಳಿಗ್ಗೆ, ಭಾಲ್ಕಿಯವರಿಗೆ ಮಧ್ಯಾಹ್ನ, ಬೀದರಿನವರಿಗೆ ಸಂಜೆ, ಹೀಗೆ ಪಾಳಿ ಒಡೆದರೆ ಒಬ್ಬರದು ಎಲ್ಲರಿಗೂ ಹರಡುವುದಿಲ್ಲ ಎಂದು ನಾನೇ ಸೀನಿಯರ್ ಮೇಡಮ್ಮರಿಗೆ ಹೇಳಿದೆ. ಅವರು ಮರುದಿನವೇ ಜಾರಿಗೆ ತಂದರು! ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆದರೆ ಮಾವಿನಹಣ್ಣು ಇತ್ತಲ್ಲ. ಇವರಿಗೆ ಮನೆಯಲ್ಲಿ ಹಣ್ಣು, ನೀರು ಎಲ್ಲಕ್ಕೂ ಕಟ್ಟು. ಮಶೀನು ಶುರುವಾದ ಮೊದಲ ತಾಸಿನಲ್ಲಿ ತಿಂದರೆ ಅದನ್ನೂ ಮಶೀನೇ ತೊಳೆದುಬಿಡುತ್ತದೆ ಎಂಬುದು ಅವರ ನಂಬಿಕೆ. ಹಾಗಾಗಿ ಮೊದಲ ತಾಸೆಂದರೆ ಹಬ್ಬ. ಔರಾದಿನಲ್ಲಿ ಬಳೆ ಅಂಗಡಿಯಿದ್ದ ನಾಲ್ಕನೇ ಬೆಡ್ಡಿನ ಚಾಚಾ ಹೋಳು ಮಾಡಿದ ಹಣ್ಣು ತರುತ್ತಿದ್ದರು. ಡಬ್ಬಿ ಬೆಡ್ಡಿನಿಂದ ಬೆಡ್ಡಿಗೆ ಹೋಗುತ್ತಿತ್ತು. ಬೆಳಗಿನ ಪಾಳಿಯ ಆರೂ ಮಂದಿಯ ಮಾಸ್ಕು ಗದ್ದದ ಕೆಳಗೆ, ಆರೂ ಕೈ ಒಂದೇ ಡಬ್ಬಿಯಲ್ಲಿ.

"ಚಾಚಾ, ಇದು ಬಂದ್ ಮಾಡ್ರಿ."

"ಅರೆ ಬೇಟಾ, ವರ್ಷಕ್ಕೊಮ್ಮಿ ಬರೋ ಹಣ್ಣದ. ಮುಂದಿನ ವರ್ಷ ನಾ ಇರ್ತೀನೊ ಇಲ್ಲೊ!"

"ಅದಕ್ಕೇ ಹೇಳ್ಲತ್ತೀನ್ರಿ, ಇರ್ಬೇಕಂತ."

ಮಾಮಾ ನಕ್ಕರು. "ಈ ಮಂದಿ ಹಣ್ಣು ಬಿಡ್ತಾರ? ಆಗಂಗಿಲ್ಲ ಪೋರಿ." ನಾನು ಬೆನ್ನು ತಿರುಗಿಸಿದ್ದೇ ತಡ, ಡಬ್ಬಿ ಹೊರಟಿತು. ಕೈ ಹಾಕಿದವರಲ್ಲಿ ಮಾಮಾನೇ ಮೊದಲಿಗರು.

ಪುಣೆ, ಮುಂಬೈಗೆ ಹೋದವರೆಲ್ಲ ಊರಿಗೆ ಮರಳತೊಡಗಿದರು. ಮನೆಗೆ ಯಾರಾದರೂ ಬಂದರೆ ಹೇಳಿ ಎಂದು ಪ್ರತಿ ಬೆಡ್ಡಿಗೂ ಹೋಗಿ ಕೇಳಿದೆ. ಎಲ್ಲರೂ ಛಾವಣಿ ನೋಡಿದರು. ಹೇಳಿದರೆ ಪಾಳಿ ಹೋಗುತ್ತದೆ ಎಂಬ ಅಂಜಿಕೆ. "ಪಾಳಿ ಹೋಗಂಗಿಲ್ರಿ. ಹಿಂದಿನ ಸಣ್ಣ ಕೋಣ್ಯಾಗ ಬ್ಯಾರೆ ಮಶೀನ್ ಅದ, ನಾನೇ ನಿಂತು ಮಾಡ್ತೇನಿ. ಇದು ನನ್ನ ಮಾತು" ಎಂದೆ.

ಮೂರನೇ ದಿನ ಬೆಳಿಗ್ಗೆ, ಔರಾದ ಕಡೆಯ ರೋಗಿಗಳನ್ನು ಕರೆತರುವ ಜೀಪು ಹೊರಡುವ ಹೊತ್ತಿಗೆ, ಮಾಮಾನ ಫೋನು.

"ಪೋರಿ, ನಾ ಜೀಪ್ ಹತ್ತಿಲ್ಲ."

"ಯಾಕ ಮಾಮಾ?"

"ಮೊನ್ನಿ ಮಗ ಪುಣೆದಿಂದ ಬಂದಾನ. ರಾತ್ರಿಯಿಂದ ನನ್ನ ಮೈ ಬೆಚ್ಚಗದ. ಸುಮ್ನ ಹತ್ತಿ ಬರ್ಬೇಕಂತಿದ್ದೆ. ಆ ಐದು ಮಂದಿ ಮುಖ ಕಣ್ಮುಂದ ಬಂತು." ಆಮೇಲೆ ಕೇಳಿದರು: "ನೀ ಮಾತು ಕೊಟ್ಟಿದ್ದಿ. ಖರೇನಾ?"

ನಾನು ಮೇಡಮ್ಮರ ಬಳಿಗೆ ಓಡಿದೆ. "ಆ ಕೋಣ್ಯಾಗ ಯಾರ್ ನಿಲ್ತಾರವ್ವ?" ಎಂದರು. "ನಾ ನಿಲ್ತೇನ್ರಿ!" ನನ್ನ ದನಿ ಕಾರಿಡಾರಿಗೆಲ್ಲ ಕೇಳಿತಂತೆ. ಆಂಬುಲೆನ್ಸ್ ಹೋಗಿ ಮಾಮಾನನ್ನು ಕರೆತಂದಿತು. ಅಪ್ಪ-ಮಗ ಇಬ್ಬರಿಗೂ ಕೊರೋನಾ. ಬೀದರಿನ ಮೇ ತಿಂಗಳ ಬಿಸಿಲು, ಮೈತುಂಬ ಪ್ಲಾಸ್ಟಿಕ್ ಅಂಗಿ, ಬೂಟಿನೊಳಗೆ ಬೆವರು ನಿಲ್ಲುತ್ತಿತ್ತು. ಆದರೂ ಒಂದು ಸಲವೂ ಪಾಳಿ ತಪ್ಪಿಸಲಿಲ್ಲ. ಮಾಮಾ ಉಳಿದರು! ಅವರ ಪಾಳಿಯ ಬೇರೆ ಐದೂ ಜನರ ವರದಿ ನೆಗೆಟಿವ್ ಎಂದು ಬಂದಾಗ ನಾನು ಮೇಡಮ್ಮರನ್ನು ತಬ್ಬಿಕೊಳ್ಳಲು ಹೋಗಿ, ಅಂತರ ನೆನಪಾಗಿ, ಅಲ್ಲೇ ನಿಂತು ಕುಣಿದೆ.

ಅವತ್ತೇ ಚಾಚಾ ಡಬ್ಬಿ ಬಂದ್ ಮಾಡಿದರು. "ಇನ್ನ ಹಣ್ಣು ತರಂಗಿಲ್ಲ. ಅದರ ರುಚಿ ಹ್ಯಾಂಗಿತ್ತು ಅಂತ ಮಾಸ್ಕಿನೊಳಗಿಂದ್ಲೇ ಹೇಳ್ತೀನಿ, ಕೇಳ್ಕೊಂತ ಮಲಗ್ರಿ!" ಮೊದಲ ತಾಸು ಆ ವರ್ಣನೆಯಲ್ಲೇ ಕಳೆಯುತ್ತಿತ್ತು.

ತಡವಾಗಿಯಾದರೂ ಡಿಗ್ರಿ ಸರ್ಟಿಫಿಕೇಟು ಬಂತು. ಕಾಲೇಜಿನಿಂದ ನೆಟ್ಟಗೆ ಆಸ್ಪತ್ರೆಗೆ ಹೋದೆ. ಮಾಮಾ ಒಂದನೇ ಬೆಡ್ಡಿನಲ್ಲಿದ್ದರು, ಎಡಗೈಯಲ್ಲಿ ಸೂಜಿ. ಸರ್ಟಿಫಿಕೇಟು ಚಾಚಿದರೆ ಬಲಗೈ ಅಂಗೈ ಮೇಲೆ ಮಾಡಿದರು. "ಮೊದಲ ಸ್ಯಾನಿಟೈಜರ್ ಹಾಕು." ಹಾಕಿದೆ. ಒಣಗುವ ತನಕ ಬೆರಳು ಆಡಿಸಿ, ಆಮೇಲೆ ಹಿಡಿದು, ನನ್ನ ಹೆಸರಿನ ಸಾಲನ್ನು ಎರಡು ಸಲ ಓದಿದರು. ನಾಲ್ಕನೇ ಬೆಡ್ಡಿನಿಂದ ಚಾಚಾ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ಹೋಗವ್ವ, ಚಾಚಾಗೂ ತೋರಸು," ಎಂದರು ಮಾಮಾ. "ಕೈಗೆ ಕೊಡಬ್ಯಾಡ ಮತ್ತ. ದೂರದಿಂದ ತೋರಸು!"