ನಮ್ಮ ಅಂಬಾಸಿಡರಿನ ನಡುಕ

ಗೆಳೆಯರೇ, ಇಂಜಿನ್ ಪೂರ್ತಿ ಬಿಚ್ಚಿ ಜೋಡಿಸಿದ ಮೇಲೆ ನಮ್ಮ ಹಳೇ ಅಂಬಾಸಿಡರಿಗೆ ನಡುಕ ಹತ್ತಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಜಾಸ್ತಿ. ತರೀಕೆರೆಯ ಮೆಕ್ಯಾನಿಕ್ ರುದ್ರಣ್ಣ ಪ್ಲಗ್ ಬದಲಿಸಿದರು, ಇಂಜಿನ್ ಕೂರುವ ರಬ್ಬರ್ ಬದಲಿಸಿದರು. ಇವತ್ತು ಬೆಳಿಗ್ಗೆ ನಮ್ಮ ಮನೆಗೇ ಬಂದು, "ಮತ್ತೆ ಇಂಜಿನ್ ಇಳಿಸ್ಬೇಕು ಕಣ್ರೀ" ಎಂದರು.

ಅದಕ್ಕೂ ಮೊದಲು ಕೊನೆಯ ಪರೀಕ್ಷೆಯೆಂದು ಫ್ಯಾನ್ ತಿರುಗದಂತೆ ಅದರ ಬೆಲ್ಟ್ ಕಳಚಿ ಸ್ಟಾರ್ಟ್ ಮಾಡಿದರು. ನಡುಕವೇ ಇಲ್ಲ! ಬಗ್ಗಿ ನೋಡಿದರೆ ಫ್ಯಾನಿನ ಒಂದು ರೆಕ್ಕೆಗೆ ಅರಿಶಿನ ಬಟ್ಟೆಯ ಗಂಟು, ಒಳಗೆ ನಾಣ್ಯ.

"ನಾನೇ ಕಟ್ಟಿದ್ದು ಕಣೋ, ಇಂಜಿನ್ ಜೋಡ್ಸಿದ್ ದಿನ" ಎಂದರು ಬಾಗಿಲಲ್ಲಿ ನಿಂತಿದ್ದ ಅಮ್ಮ. "ಗಾಡಿ ಮತ್ತೆ ಓಡಿದ್ರೆ ಅದ್ರಲ್ಲೇ ಬತ್ತೀನಿ ಅಂತ ದೇವ್ರಿಗೆ ಮುಡಿಪು. ದೇವಸ್ಥಾನ ಮುಟ್ಟೋವರ್ಗೂ ಬಿಚ್ಚಂಗಿಲ್ಲ."

ರುದ್ರಣ್ಣ ಜೇಬಿನಿಂದ ನಾಣ್ಯ ತೆಗೆದು ಬಟ್ಟೆಯಲ್ಲಿ ಸುತ್ತಿದರು. ಅಷ್ಟೇ ತೂಕದ ಆ ಗಂಟನ್ನು ಎದುರಿನ ರೆಕ್ಕೆಗೆ ಕಟ್ಟಿ ತೂಕ ಸಮ ಮಾಡಿ, ಬೆಲ್ಟ್ ಹಾಕಿ ಸ್ಟಾರ್ಟ್ ಮಾಡಿದರು. ಇಂಜಿನ್ ನುಣ್ಣಗೆ ಓಡಿತು.

"ಇದ್ಯಾವ ದೇವ್ರಿಗಪ್ಪಾ?" ಅಮ್ಮ ಕೇಳಿದರು.

"ನಮ್ಮನೆ ದೇವ್ರಿಗೆ ಕಣಮ್ಮಾ. ಈ ಗಾಡಿ ಇನ್ನೊಂದ್ಸಲ ನನ್ ಕೈಗೆ ಬರ್ದೇ ಇರ್ಲಿ ಅಂತ."

ನಾಳೆ ಎರಡೂ ಮುಡಿಪು ಒಪ್ಪಿಸಬೇಕು. ಮೊದಲು ಯಾವ ದೇವಸ್ಥಾನಕ್ಕೆ ಹೋದರೂ, ಅಲ್ಲಿ ಒಂದು ಗಂಟು ಬಿಚ್ಚಿದ ಮೇಲೆ ಎರಡನೆಯದಕ್ಕೆ ನಡುಗುತ್ತಲೇ ಹೋಗಬೇಕು.